ಡೈವ್ ಮಾಡೋದು ನೀವು, ರೂಮು ಮಾತ್ರ ಅತ್ತೆಗೆ ಒಪ್ಪುವಂಥದ್ದು ನೋಡಿ

ಪ್ರಶ್ನೆ: ನಾನು ಕಲಬುರಗಿಯಲ್ಲಿ ಕಾಲೇಜು ಉಪನ್ಯಾಸಕಿ. 36ನೇ ವಯಸ್ಸಿಗೆ ಈಜು ಕಲಿತೆ. ಈಗ ಸ್ಕೂಬಾ ಡೈವಿಂಗ್ ಕಲಿಯಲೇಬೇಕು ಅಂತ ಹಟ ಹಿಡಿದಿದ್ದೇನೆ. ಏಪ್ರಿಲ್ ರಜೆಗೆ ಅಂಡಮಾನ್‌ನ ಹ್ಯಾವ್‌ಲಾಕ್‌ಗೆ ಹೋಗುವ ವಿಚಾರ ಇದೆ, ಏಳು ರಾತ್ರಿ. ನಮ್ಮ ಮನೆಯವರಿಗೆ ನೀರಿಗಿಳಿಯೋದು ಬೇಡ, ದಂಡೆಯಲ್ಲಿ ಕೂತು ಓದಬೇಕು. ಮಗಳಿಗೆ 8 ವರ್ಷ, ಮರಳು ಸಿಕ್ಕರೆ ಸಾಕು. ಅತ್ತೆಗೆ 64, ಮೊಣಕಾಲು ನೋವು, ಊಟ ಅಪ್ಪಟ ಸಸ್ಯಾಹಾರ. ಡೈವಿಂಗ್ ಸೆಂಟರ್ ಒಳಗೇ ಇರುವ ರೆಸಾರ್ಟ್ ಹಿಡಿಯಲಾ, ಒಳ್ಳೆ ಬೀಚ್ ಇರುವ ಕಡೆ ಹಿಡಿಯಲಾ? ಮಾಲ್ಡೀವ್ಸ್‌ಗೆ ಹೋದರೆ ಎರಡೂ ಒಂದೇ ಕಡೆ ಸಿಗುತ್ತೆ ಅಂತ ನನ್ನ ತಮ್ಮ ಹೇಳುತ್ತಾನೆ. ಇನ್ನೊಂದು, ಅತ್ತೆಗೆ ಒಮ್ಮೆ ಸಮುದ್ರಸ್ನಾನ ಮಾಡುವ ಆಸೆ. ಈ ಮೊಣಕಾಲಲ್ಲಿ ಸಾಧ್ಯವಾ?

ಉತ್ತರ: ನೇರ ವಿಷಯಕ್ಕೇ ಬರುತ್ತೇನೆ, ತಂಗಿ. ಡೈವ್ ಮಾಡುವವರನ್ನು ನೋಡಿ ರೂಮು ಹಿಡಿಯಬೇಡಿ. ಡೈವ್ ಮಾಡದೆ ದಂಡೆಯಲ್ಲಿ ಉಳಿಯುವವರನ್ನು ನೋಡಿ ಹಿಡಿಯಿರಿ. ಒಂಬತ್ತು ಸೀಸನ್ ಹ್ಯಾವ್‌ಲಾಕ್‌ನಲ್ಲಿ ಡೈವಿಂಗ್ ಕಲಿಸಿದವನು ನಾನು. ನಿಮ್ಮಂಥ ನೂರಾರು ಕುಟುಂಬ ಬಂದು ಹೋಗಿದ್ದನ್ನು ಕಂಡಿದ್ದೇನೆ. ಡೈವ್ ಚೆನ್ನಾಗಿ ಆಗಲಿಲ್ಲ ಅಂತ ಬೇಜಾರಾಗಿ ಹೋದವರು ಕಡಿಮೆ. ಮನೆಯವರು ಮೂರು ದಿನ ರೂಮಿನಲ್ಲೇ ಕೂತು ಬೇಸತ್ತರು ಅಂತ ಮುಖ ಸಣ್ಣದು ಮಾಡಿಕೊಂಡು ಹೋದವರೇ ಜಾಸ್ತಿ.

ಯಾಕೆ ಹೀಗೆ ಅನ್ನೋದು ದಿನದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ. ಅಂಡಮಾನ್ ನಮಗಿಂತ ತುಂಬ ಪೂರ್ವಕ್ಕಿದೆ, ಗಡಿಯಾರ ಮಾತ್ರ ಒಂದೇ. ಹಾಗಾಗಿ ಅಲ್ಲಿ ಸೂರ್ಯ ಕಲಬುರಗಿಗಿಂತ ಸುಮಾರು ಒಂದು ತಾಸು ಮೊದಲೇ ಹುಟ್ಟಿ, ಒಂದು ತಾಸು ಮೊದಲೇ ಮುಳುಗುತ್ತಾನೆ. ಏಪ್ರಿಲ್‌ನಲ್ಲಿ ಐದೂಕಾಲಿಗೆಲ್ಲ ಬೆಳಕಾಗಿರುತ್ತದೆ, ಸಂಜೆ ಐದೂವರೆಗೆ ಸೂರ್ಯಾಸ್ತ. ಡೈವಿಂಗ್ ಬೋಟುಗಳು ಆರು, ಆರೂವರೆ, ತಡ ಅಂದ್ರೆ ಏಳಕ್ಕೆ ಹೊರಡುತ್ತವೆ. ಒಂದು ಡೈವ್, ಮೇಲೆ ಬಂದು ಸುಮಾರು ಒಂದು ತಾಸು ವಿಶ್ರಾಂತಿ, ಇನ್ನೊಂದು ಡೈವ್. ದಂಡೆಗೆ ಮರಳುವಾಗ ಮಧ್ಯಾಹ್ನ ಹನ್ನೆರಡು, ಒಂದು. ಅಂದ್ರೆ ಬೆಳಗಿನ ಹೊತ್ತೆಲ್ಲ ನೀವು ನೀರಿನ ಮೇಲೆ ಇಲ್ಲವೇ ನೀರಿನ ಕೆಳಗೆ ಇರುತ್ತೀರಿ. ರೂಮಿನ ಮುಂದೆ ಬೀಚ್ ಹೇಗಿದೆ ಅನ್ನೋದು ಆಗ ನಿಮಗೆ ಮುಖ್ಯವೇ ಅಲ್ಲ. ಅತ್ತೆ, ಮಗಳು, ಮನೆಯವರಿಗೆ ಮಾತ್ರ ಅದೇ ಇಡೀ ದಿನದ ಅಂಗಳ. ನಿಮ್ಮನ್ನು ಸೆಂಟರ್‌ಗೆ ಕರೆದೊಯ್ಯಲು ಹತ್ತು ನಿಮಿಷದ ಆಟೊ ಸಾಕು.

ಈ ಪಾಠ ನನಗೆ ನನ್ನ ತಂದೆತಾಯಿಯಿಂದ ಆಯಿತು. ಎರಡನೇ ಸೀಸನ್‌ನಲ್ಲಿ ಅವರನ್ನು ಶಹಾಬಾದ್‌ನಿಂದ ಕರೆಸಿಕೊಂಡೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಮರುದಿನವೇ ಹೊರಟರು. ಹ್ಯಾವ್‌ಲಾಕ್ ಮುಟ್ಟಿದ್ದು ಅಮಾವಾಸ್ಯೆಯಾಗಿ ಮೂರನೇ ದಿನಕ್ಕೆ. ನನಗೆ ಹತ್ತಿರವಾಗಲಿ ಅಂತ ಡೈವ್ ಸೆಂಟರ್‌ಗೆ ಅಂಟಿಕೊಂಡ ರೂಮನ್ನೇ ಹಿಡಿದಿದ್ದೆ. ನಾನು ಬೋಟ್ ಹತ್ತಿ ಹೋದೆ. ಅವ್ವ ಎದ್ದು ಹೊರಗೆ ಬಂದು ನೋಡಿದರೆ ನೀರೇ ಇಲ್ಲ. ಕಣ್ಣು ಹಾಯುವ ತನಕ ಸತ್ತ ಹವಳದ ಕಲ್ಲು, ಕೆಸರು, ಅಲ್ಲಲ್ಲಿ ಹೊಂಡ. ಸಮುದ್ರ ಎಲ್ಲೋ ದೂರದಲ್ಲಿ ಒಂದು ನೀಲಿ ಗೆರೆ. ಹಿಂದೆ ಸಿಲಿಂಡರ್‌ಗೆ ಗಾಳಿ ತುಂಬುವ ಕಂಪ್ರೆಸರ್‌ನ ಸದ್ದು. ಮಧ್ಯಾಹ್ನ ನಾನು ಬಂದಾಗ ಅವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳಗಿನಿಂದ ಕೂತಲ್ಲೇ ಕೂತಿದ್ದಳು. "ಸಮುದ್ರ ಎಲ್ಲಿ ಅದಪಾ?" ಅಂತ ಕೇಳಿದಳು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ. ಎರಡು ದಿನ ರೈಲು, ವಿಮಾನ, ಹಡಗು ಹತ್ತಿ ಬಂದವಳು ಅವಳು.

ಹಾಗಾಗಿ ಉಬ್ಬರ ಇಳಿತದ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಯಲುಸೀಮೆಯವರಾದ ನಮಗೆ ಇದೇ ಮರೆತುಹೋಗುವುದು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಹೊತ್ತು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅನ್ನೋದು ಚಂದ್ರನ ಕೈಯಲ್ಲಿದೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮುಂದಿನ ಎರಡು ಮೂರು ದಿನ ವ್ಯತ್ಯಾಸ ತುಂಬ ದೊಡ್ಡದು. ಅಂಡಮಾನ್‌ನಲ್ಲಿ ಸುಮಾರು 2 ಮೀಟರ್ ಇರುತ್ತದೆ. ಎರಡು ಮೀಟರ್ ಅಂದ್ರೆ ಏನು ಮಹಾ ಅನ್ನಿಸಬಹುದು. ಆದರೆ ಹ್ಯಾವ್‌ಲಾಕ್‌ನ ಪೂರ್ವ ದಂಡೆ ತಟ್ಟೆಯ ಹಾಗೆ ಚಪ್ಪಟೆ. ನೀರು ಎರಡು ಮೀಟರ್ ಇಳಿದರೆ ಸಾಕು, ನೂರಾರು ಮೀಟರ್ ಹಿಂದಕ್ಕೆ ಸರಿದುಬಿಡುತ್ತದೆ. ಅಷ್ಟಮಿಯಿಂದ ಏಕಾದಶಿ ತನಕ ಈ ಏರಿಳಿತ ಅದರ ಅರ್ಧವೂ ಇರುವುದಿಲ್ಲ. ದಂಡೆಯಲ್ಲಿ ಯಾವಾಗಲೂ ಒಂದಷ್ಟು ನೀರು ಇರುತ್ತದೆ. ಇನ್ನೂ ಒಂದು ಲಾಭ ಏನೆಂದರೆ, ಆ ದಿನಗಳಲ್ಲಿ ನೀರಿನೊಳಗಿನ ಸೆಳೆತವೂ ಕಡಿಮೆ. ಹೊಸದಾಗಿ ಕಲಿಯುವವರಿಗೆ ಅದು ದೊಡ್ಡ ವರ.

ಎಳ್ಳಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ನಮ್ಮ ಕಡೆಯವರಿಗೆ ತಿಥಿ ನೋಡೋದು ಯಾರೂ ಕಲಿಸಬೇಕಿಲ್ಲ, ಅಲ್ವಾ? ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆಯಿರಿ. ಏಪ್ರಿಲ್‌ನ ಎರಡು ಅಷ್ಟಮಿ ಎಲ್ಲಿವೆ ನೋಡಿ. ಹ್ಯಾವ್‌ಲಾಕ್‌ನ ನಿಮ್ಮ ನಾಲ್ಕು ದಿನ ಅವುಗಳಲ್ಲಿ ಒಂದರಿಂದ ಶುರುವಾಗುವಂತೆ ಟಿಕೆಟ್ ತೆಗೆಸಿ. ಡೈವ್ ಮಾಡುವವರಿಗೂ ದಂಡೆಯಲ್ಲಿ ಆಡುವವರಿಗೂ ಒಟ್ಟಿಗೆ ಅನುಕೂಲವಾಗುವ ಸಂಗತಿ ನನಗೆ ತಿಳಿದ ಮಟ್ಟಿಗೆ ಇದೊಂದೇ. ಇದಕ್ಕೆ ದುಡ್ಡೂ ಖರ್ಚಾಗುವುದಿಲ್ಲ. ಏಪ್ರಿಲ್ ಆರಿಸಿಕೊಂಡಿದ್ದೂ ಒಳ್ಳೆಯದೇ. ಸಮುದ್ರ ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಮೇ ಮೂರನೇ ವಾರದ ಹೊತ್ತಿಗೆ ಮುಂಗಾರು ಅಲ್ಲಿಗೆ ಮುಟ್ಟುತ್ತದೆ. ದಸರಾ ರಜೆಗೆ ಮುಂದೂಡೋಣ ಅಂತ ಮನೆಯಲ್ಲಿ ಯಾರಾದರೂ ಹೇಳಿದರೆ ಒಪ್ಪಬೇಡಿ, ಆಗ ಮಳೆಯ ಕಾಟ.

ಈಗ ದ್ವೀಪದ ಮಾತು. ಹ್ಯಾವ್‌ಲಾಕ್‌ಗೆ 2018ರಿಂದ ಸ್ವರಾಜ್ ದ್ವೀಪ ಅಂತ ಹೆಸರು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಾಯಿತು. ಟಿಕೆಟ್‌ನಲ್ಲಿ ಹೊಸ ಹೆಸರು ಕಂಡರೆ ಗಾಬರಿ ಬೇಡ. ಹ್ಯಾವ್‌ಲಾಕ್‌ನಲ್ಲಿ ಬೀಚುಗಳನ್ನು ನಂಬರಿನಿಂದಲೇ ಕರೆಯುತ್ತಾರೆ. ಜೆಟ್ಟಿ ಇರುವುದು 1ರಲ್ಲಿ. ಪೇಟೆ ಇರುವುದು ಗೋವಿಂದ ನಗರದಲ್ಲಿ, ಅದು 3. ಅಲ್ಲಿಂದ ವಿಜಯನಗರದ 5ರ ತನಕ ಪೂರ್ವ ದಂಡೆಯ ಉದ್ದಕ್ಕೂ ಡೈವ್ ಸೆಂಟರ್‌ಗಳೂ ಹೆಚ್ಚಿನ ರೆಸಾರ್ಟ್‌ಗಳೂ ಇವೆ. ಹೆಸರಾಂತ ರಾಧಾನಗರ ಬೀಚ್, ಅಂದ್ರೆ 7, ದ್ವೀಪದ ಆಚೆ ಬದಿ. ಜೆಟ್ಟಿಯಿಂದ ಸುಮಾರು 12 ಕಿ.ಮೀ. ಗುಡ್ಡ ಕಾಡು ದಾಟಿ ಹೋಗಬೇಕು. ಅಲ್ಲಿ ಮರಳು ಮೆತ್ತಗೆ, ಕಾಲಿಗೆ ಕಲ್ಲು ತಾಗುವುದಿಲ್ಲ, ಇಳಿತದಲ್ಲೂ ಈಜಬಹುದು. ಪಡುವಣಕ್ಕೆ ಮುಖ ಮಾಡಿರುವುದರಿಂದ ಸೂರ್ಯಾಸ್ತವೂ ಅಲ್ಲಿಯೇ ಚೆಂದ. 2020ರಲ್ಲಿ ಅದಕ್ಕೆ ಬ್ಲೂ ಫ್ಲ್ಯಾಗ್, ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚ್ ಅನ್ನುವ ಮಾನ್ಯತೆ ಸಿಕ್ಕಿತು. ಆದರೆ ಉಳಿಯಲು ರೂಮು ಕಡಿಮೆ, ಇದ್ದದ್ದು ದುಬಾರಿ. ಬೆಳಗಿನ ಬೋಟಿಗೆ ಅಲ್ಲಿಂದ ಬರಬೇಕೆಂದರೆ ಕತ್ತಲಲ್ಲೇ ಎದ್ದು ಹೊರಡಬೇಕು.

ಹವಳ ಎಲ್ಲಿ ದಂಡೆಗೆ ಹತ್ತಿರವೋ ಅಲ್ಲಿ ಕಾಲಿಗೆ ಕಲ್ಲು. ಮರಳು ಎಲ್ಲಿ ಹರವಾಗಿದೆಯೋ ಅಲ್ಲಿಂದ ಹವಳ ದೂರ. ಎರಡೂ ಒಂದೇ ಬಾಗಿಲಲ್ಲಿ ಸಿಗುವುದು ಬಹಳ ಅಪರೂಪ. ಮಗಳಿಗೆ ಇದನ್ನೊಂದು ಕಥೆಯ ಹಾಗೆ ಹೇಳಿ. ಆ ಬಿಳಿ ಮರಳು ಬಹುಪಾಲು ಹವಳದ ಪುಡಿಯೇ. ಗಿಣಿಮೂತಿಯ ಮೀನೊಂದಿದೆ, ಪ್ಯಾರಟ್‌ಫಿಶ್ ಅನ್ನುತ್ತಾರೆ. ಅದು ಹವಳವನ್ನು ಕಚ್ಚಿ ಅರೆದು ಮರಳಾಗಿ ಹೊರಗೆ ಹಾಕುತ್ತದೆ. ನಿಮ್ಮ ಮನೆಯ ನೆಲಕ್ಕೆ ಹಾಸಿರಬಹುದಾದ ಶಹಾಬಾದ್ ಫರಸಿ ಕೂಡ ಸುಣ್ಣದ ಕಲ್ಲೇ. ಕೋಟ್ಯಂತರ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಅದು. ನೀರಿನೊಳಗೆ ಮೊದಲ ಸಲ ಹವಳದ ದಿಬ್ಬ ಕಂಡಾಗ ನನಗೆ ನಮ್ಮೂರ ಫರಸಿ ಗಣಿಯೇ ನೆನಪಾಗಿತ್ತು.

ಹಾಗಾದರೆ ನಿಮ್ಮ ಏಳು ರಾತ್ರಿ ಹೇಗೆ ಹಂಚಬೇಕು? ಹೈದರಾಬಾದ್ ನಿಮಗೆ ಹತ್ತಿರ, ಅಲ್ಲಿಂದಲೇ ವಿಮಾನ ಹಿಡಿಯಿರಿ. ಮೊದಲ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಕಳೆಯಿರಿ. ಇಳಿದ ದಿನವೇ ಹಡಗು ಹಿಡಿಯಲು ಓಡಿದರೆ ಅತ್ತೆಗೆ ದಣಿವು. ಸೆಲ್ಯುಲರ್ ಜೈಲನ್ನೂ ನೋಡಿದಂತಾಗುತ್ತದೆ. ಮರುದಿನ ಬೆಳಗಿನ ಖಾಸಗಿ ಹಡಗಿನಲ್ಲಿ ಹೊರಟರೆ ಎರಡು ತಾಸಿನೊಳಗೆ ಹ್ಯಾವ್‌ಲಾಕ್. ಅಲ್ಲಿಂದ ನಾಲ್ಕು ರಾತ್ರಿ 5ನೇ ನಂಬರಿನ ವಿಜಯನಗರದಲ್ಲಿ. 3ರಲ್ಲಿ ಅಲ್ಲ. 3 ಪೇಟೆಗೆ ಹತ್ತಿರ ನಿಜ, ಆದರೆ ದಂಡೆ ಅಷ್ಟು ಚೆನ್ನಾಗಿಲ್ಲ. 5ರಲ್ಲಿ ದೊಡ್ಡ ಮರಗಳು ಮರಳಿನ ಮೇಲೆ ಬಾಗಿ ನೆರಳು ಕೊಡುತ್ತವೆ. ನಿಮ್ಮ ಮನೆಯವರ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಉಬ್ಬರದ ಹೊತ್ತಿಗೆ ಮಗಳಿಗೆ ಮೊಣಕಾಲುದ್ದದ ತಿಳಿನೀರು ಸಿಗುತ್ತದೆ. ನಿಮಗೆ ಡೈವ್ ಸೆಂಟರ್ ಹತ್ತಿರ. ಕೋರ್ಸ್ ಮಾಡುವವರಿಗೆ ಮಧ್ಯಾಹ್ನವೂ ಪಾಠ ಇರಬಹುದು, ಆದ್ದರಿಂದ ತೀರಾ ದೂರ ಹೋಗುವಂತಿಲ್ಲ.

ಆರನೇ ರಾತ್ರಿ ಗಂಟುಮೂಟೆ ಕಟ್ಟಿಕೊಂಡು ರಾಧಾನಗರದ ಕಡೆ ಹೋಗಿ. ಒಂದೇ ರಾತ್ರಿ, ಹಾಗಾಗಿ ದುಬಾರಿಯಾದರೂ ತಡೆದುಕೊಳ್ಳಬಹುದು. ಇದರಲ್ಲಿ ಇನ್ನೊಂದು ಲೆಕ್ಕವೂ ಇದೆ. ಡೈವ್ ಮಾಡಿದ ಮೇಲೆ ತಕ್ಷಣ ವಿಮಾನ ಹತ್ತುವಂತಿಲ್ಲ. ಒತ್ತಡದಲ್ಲಿ ಉಸಿರಾಡಿದಾಗ ಮೈಯೊಳಗೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಹೋಗಬೇಕು. ವಿಮಾನದೊಳಗೆ ಒತ್ತಡ ಕಡಿಮೆ ಇರುವುದರಿಂದ, ಬೇಗ ಹತ್ತಿದರೆ ಅದು ಗುಳ್ಳೆಯಾಗಿ ಕೀಲು, ನರಗಳಿಗೆ ತೊಂದರೆ ಕೊಡಬಹುದು. ಹಲವು ದಿನ ಡೈವ್ ಮಾಡಿದವರು ಕನಿಷ್ಠ 18 ತಾಸು ಕಾಯಬೇಕು. ನಾನು ಯಾವಾಗಲೂ 24 ತಾಸು ಅಂತಲೇ ಹೇಳುತ್ತೇನೆ. ಹೇಗೂ ಡೈವ್ ಮಾಡದೆ ಇರಬೇಕಾದ ಆ ಹೊತ್ತನ್ನು ಇಡಿಯಾಗಿ ಮನೆಯವರಿಗೆ ಕೊಡಿ. ಏಳನೇ ದಿನ ಹಡಗಿನಲ್ಲಿ ಪೋರ್ಟ್ ಬ್ಲೇರ್, ಎಂಟನೇ ಬೆಳಿಗ್ಗೆ ವಿಮಾನ. ವಿಮಾನದ ದಿನವೇ ಹ್ಯಾವ್‌ಲಾಕ್ ಬಿಡುವ ಧೈರ್ಯ ಮಾಡಬೇಡಿ. ಹವಾಮಾನ ಕೆಟ್ಟರೆ ಹಡಗು ನಿಲ್ಲುತ್ತದೆ.

ಡೈವ್ ಸೆಂಟರ್ ಒಳಗೇ ಇರುವ ರೆಸಾರ್ಟ್ ಬಗ್ಗೆ ಕೇಳಿದ್ದಿರಿ. ಒಬ್ಬರೇ ಹೋಗುವವರಿಗೆ, ಇಲ್ಲವೇ ಇಬ್ಬರೂ ಡೈವ್ ಮಾಡುವವರಿಗೆ ಅದು ಬಲು ಚೆನ್ನ. ಊಟದ ಮೇಜಿನಲ್ಲೂ ಮೀನಿನ ಮಾತೇ ನಡೆಯುತ್ತದೆ, ಕಲಿಯುವ ಹುಮ್ಮಸ್ಸು ಬರುತ್ತದೆ. ನಿಮ್ಮ ಅತ್ತೆಗೆ ಅಲ್ಲಿ ಏನೂ ಇರುವುದಿಲ್ಲ. ಬೆಳಿಗ್ಗೆ ಐದಕ್ಕೆ ಸಿಲಿಂಡರ್ ಸಾಗಿಸುವ ಸದ್ದು, ಸಂಜೆ ಕಂಪ್ರೆಸರ್. ಅದೇ ಆಗಬೇಕು ಅಂತಿದ್ದರೆ ಕಂಪ್ರೆಸರ್‌ನಿಂದ ಎಷ್ಟು ದೂರದ ಕೋಣೆ ಅಂತ ಕೇಳಿಯೇ ಹಿಡಿಯಿರಿ.

ರೂಮು ಕಾಯ್ದಿರಿಸುವ ಮುಂಚೆ ಫೋನ್ ಮಾಡಿ ಮಾತಾಡಿ, ಸುಮ್ನೆ ಫೋಟೊ ನೋಡಿ ದುಡ್ಡು ಕಟ್ಟಬೇಡಿ. ಎಲ್ಲ ಫೋಟೊಗಳೂ ಉಬ್ಬರದಲ್ಲಿ ತೆಗೆದವೇ. ಇಳಿತದ ಹೊತ್ತಿನ ಒಂದು ಫೋಟೊ ವಾಟ್ಸಾಪ್‌ಗೆ ಕಳಿಸಿ ಅಂತ ಕೇಳಿ. ಕಳಿಸಿದವರನ್ನು ಅರ್ಧ ನಂಬಬಹುದು. ಆಮೇಲೆ ನೆಲಮಟ್ಟದ ಕೋಣೆ ಕೇಳಿ. ಅಲ್ಲಿನ ಬಹಳಷ್ಟು ಗುಡಿಸಲುಗಳು ಕಂಬದ ಮೇಲೆ ನಿಂತಿರುತ್ತವೆ, ಐದಾರು ಮೆಟ್ಟಿಲು ಏರಬೇಕು. ಮೊಣಕಾಲು ನೋವಿರುವವರಿಗೆ ದಿನಕ್ಕೆ ಹತ್ತು ಸಲ ಅದು ಹಿಂಸೆ. ಕರೆಂಟ್ ಹೋದರೆ ಜನರೇಟರ್ ಇದೆಯಾ, ಇದ್ದರೆ ಫ್ಯಾನಿಗೆ ಮಾತ್ರವೋ ಏಸಿಗೂ ಸೇರಿಯೋ ಕೇಳಿ. ಬೆಳಗಿನ ತಿಂಡಿ ಏಳೂವರೆಗೆ ಅನ್ನುತ್ತಾರೆ, ಆಗ ನೀವು ಬೋಟಿನಲ್ಲಿರುತ್ತೀರಿ. ಹಿಂದಿನ ರಾತ್ರಿಯೇ ಕಟ್ಟಿಕೊಡುತ್ತಾರಾ ಕೇಳಿ. ನಾನಂತೂ ಖಡಕ್ ರೊಟ್ಟಿಯನ್ನು ಕಲಬುರಗಿಯಿಂದಲೇ ಒಯ್ಯುತ್ತಿದ್ದೆ. ಅರ್ಧ ರೊಟ್ಟಿ, ಒಂದು ಬಾಳೆಹಣ್ಣು ತಿಂದು ಬೋಟ್ ಹತ್ತಿದರೆ ಹೊಟ್ಟೆ ತೊಳಸುವುದಿಲ್ಲ. ಶೇಂಗಾ ಹಿಂಡಿ ಮಾತ್ರ ಡೈವ್ ಮುಗಿದ ಮೇಲೆ. ಸಸ್ಯಾಹಾರ ಅಲ್ಲಿ ಸಿಗುತ್ತದೆ, ಆದರೆ ಒಂದೇ ಬಾಣಲೆಯಲ್ಲಿ ಮೀನೂ ಕರಿಯುತ್ತಾರಾ ಅನ್ನೋದು ಅತ್ತೆಗೆ ಮುಖ್ಯವಾದರೆ ಮೊದಲೇ ಬಾಯಿಬಿಟ್ಟು ಕೇಳಿ. ಕೈಯಲ್ಲಿ ನಗದು ಇರಲಿ. ಸಂಜೆ ಮರಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನೊಣ ಕಚ್ಚುತ್ತದೆ, ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿ.

ನಿಮ್ಮ ಡೈವಿಂಗ್ ಬಗ್ಗೆಯೂ ಎರಡು ಮಾತು. ಒಂದು ಸಲ ಇಳಿದು ನೋಡುವುದಾದರೆ ಈಜು ಬರಬೇಕೆಂದೇ ಇಲ್ಲ, ಕಲಿಸುವವರು ಕೈ ಬಿಡದೆ 12 ಮೀಟರ್ ಒಳಗೇ ಕರೆದೊಯ್ಯುತ್ತಾರೆ. ನೀವು ಕಲಿಯಬೇಕು ಅಂದಿದ್ದೀರಿ. ಅದಕ್ಕೆ ಓಪನ್ ವಾಟರ್ ಕೋರ್ಸ್, ಮೂರರಿಂದ ನಾಲ್ಕು ದಿನ. ಮುಗಿಸಿದರೆ 18 ಮೀಟರ್ ತನಕ ಇಳಿಯಬಹುದು. 200 ಮೀಟರ್ ಈಜಿ ತೋರಿಸಬೇಕು, ಹತ್ತು ನಿಮಿಷ ನೀರಿನ ಮೇಲೆ ತೇಲಬೇಕು. ವೇಗ ಯಾರೂ ನೋಡುವುದಿಲ್ಲ. ಈಗಿನಿಂದಲೇ ಈಜುಕೊಳದಲ್ಲಿ ತೇಲುವುದನ್ನು ರೂಢಿ ಮಾಡಿ. ಪಾಠದ ಭಾಗವನ್ನು ಆನ್‌ಲೈನ್‌ನಲ್ಲಿ ಕಲಬುರಗಿಯಲ್ಲೇ ಮುಗಿಸಿ ಹೋಗಿ. ಅಲ್ಲಿ ಪುಸ್ತಕ ಹಿಡಿದು ಕೂರುವ ಮಧ್ಯಾಹ್ನಗಳು ಉಳಿಯುತ್ತವೆ, ಅವು ಮಗಳ ಪಾಲಿಗೆ ಬರುತ್ತವೆ.

ಆರೋಗ್ಯದ ಫಾರ್ಮ್ ಒಂದು ಕೊಡುತ್ತಾರೆ. ಉಬ್ಬಸ, ಬಿಪಿ, ಹೃದಯ, ಕಿವಿಯ ಆಪರೇಷನ್, ಇವುಗಳ ಬಗ್ಗೆ ಕೇಳಿರುತ್ತದೆ. ಯಾವುದಕ್ಕಾದರೂ ಹೌದು ಅಂತ ಬಂದರೆ ವೈದ್ಯರ ಸಹಿ ಬೇಕು. ಆ ಫಾರ್ಮ್ ಮೊದಲೇ ತರಿಸಿಕೊಂಡು ನಿಮ್ಮ ವೈದ್ಯರ ಹತ್ತಿರ ಹೋಗಿ ಬನ್ನಿ. ದ್ವೀಪಕ್ಕೆ ಹೋಗಿ ಸಹಿಗಾಗಿ ಅಲೆಯುವುದು ಬೇಡ, ಸುಳ್ಳು ಬರೆಯುವುದಂತೂ ಬೇಡವೇ ಬೇಡ. 10 ಮೀಟರ್ ಆಳಕ್ಕೆ ಹೋದರೆ ಮೈಮೇಲಿನ ಒತ್ತಡ ಎರಡು ಪಟ್ಟು. ಮೂಗು ಹಿಡಿದು ಮೆಲ್ಲಗೆ ಗಾಳಿ ತಳ್ಳಿ ಕಿವಿ ತೆರೆಯುತ್ತಾ ಇಳಿಯಬೇಕು. ನೆಗಡಿ ಇದ್ದರೆ ಕಿವಿ ತೆರೆಯುವುದಿಲ್ಲ, ಆ ದಿನ ಇಳಿಯಬಾರದು. ಅದಕ್ಕೇ ನಾಲ್ಕು ರಾತ್ರಿ ಅಂದೆ. ಮೂರೇ ಇಟ್ಟುಕೊಂಡರೆ ಒಂದು ನೆಗಡಿಗೆ ಕೋರ್ಸೇ ತಪ್ಪಿಹೋಗುತ್ತದೆ.

ಮಗಳಿಗೆ 8 ಅಂದಿರಿ. ಸಮುದ್ರದಲ್ಲಿ ಇಳಿದು ನೋಡಲು 10 ವರ್ಷ ತುಂಬಿರಬೇಕು. 8 ಆದವರಿಗೆ ಬಬಲ್‌ಮೇಕರ್ ಅಂತ ಇದೆ. 2 ಮೀಟರ್‌ಗಿಂತ ಕಡಿಮೆ ನೀರಿನಲ್ಲಿ ಸಿಲಿಂಡರ್ ಕಟ್ಟಿ ಉಸಿರಾಡಿಸುತ್ತಾರೆ. ಅವಳೇ ಕೇಳಿದರೆ ಮಾತ್ರ ಮಾಡಿಸಿ. ಮರಳೇ ಸಾಕು ಅಂದರೆ ಮರಳೇ ಸಾಕು.

ನಿಮ್ಮ ತಮ್ಮ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮಾಲ್ಡೀವ್ಸ್‌ನಲ್ಲಿ ಬಹಳ ಕಡೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಡೈವ್ ಸೆಂಟರ್, ಬೀಚ್, ಊಟ ಎಲ್ಲ ನಡೆದು ಹೋಗುವಷ್ಟು ಹತ್ತಿರ. ಆದರೆ ಕಲ್ಲು, ಮರಳಿನ ಆ ಲೆಕ್ಕ ಅಲ್ಲೂ ಬಿಡುವುದಿಲ್ಲ. ಸುತ್ತ ಅಗಲವಾದ ಆಳವಿಲ್ಲದ ಲಗೂನ್, ಅಂದ್ರೆ ಹವಳದ ಅಂಚಿನ ಒಳಗಿನ ಶಾಂತ ನೀರು ಇರುವ ದ್ವೀಪದಲ್ಲಿ ಮಕ್ಕಳು ಹಾಯಾಗಿ ಆಡಬಹುದು, ಹವಳ ನೋಡಲು ಮಾತ್ರ ಬೋಟ್ ಹತ್ತಬೇಕು. ಹವಳದ ಅಂಚು ದಂಡೆಗೇ ಬಂದಿರುವ ದ್ವೀಪದಲ್ಲಿ ಮೆಟ್ಟಿಲಿಳಿದರೆ ಮೀನು, ಆದರೆ ಮರಳು ಕಿರಿದು, ಕಾಲಿಗೆ ಚೂರು ಹವಳ. ಹವಳದ ಅಂಚು ಎಷ್ಟು ಮೀಟರ್ ದೂರ ಅಂತ ಕೇಳಿದರೆ ಯಾವ ಥರದ ದ್ವೀಪ ಅಂತ ಗೊತ್ತಾಗುತ್ತದೆ. ಇನ್ನೊಂದು, ಅಲ್ಲಿನ ಹೆಸರಾಂತ ಡೈವ್‌ಗಳು ಬಹುಪಾಲು ದ್ವೀಪಗಳ ನಡುವಿನ ಕಾಲುವೆಗಳಲ್ಲಿ. ಅಲ್ಲಿ ಸೆಳೆತ ಜೋರು, ಹೊಸಬರಿಗಲ್ಲ. ಹ್ಯಾವ್‌ಲಾಕ್‌ನಲ್ಲಿ ಕಲಿತು, ಇಪ್ಪತ್ತು ಮೂವತ್ತು ಡೈವ್ ಮಾಡಿ, ಆಮೇಲೆ ಮಾಲ್ಡೀವ್ಸ್‌ಗೆ ಹೋಗಿ. ಆಗ ಅದರ ಬೆಲೆ ತಿಳಿಯುತ್ತದೆ.

ಇಷ್ಟು ದೂರ ಹೋಗುವ ಮುಂಚೆ ನೀರಿನೊಳಗೆ ನನಗೆ ಒಗ್ಗುತ್ತಾ ಅಂತ ಒಮ್ಮೆ ನೋಡಬೇಕೆನಿಸಿದರೆ ನಮ್ಮದೇ ನೇತ್ರಾಣಿ ಇದೆ. ಆ ದ್ವೀಪದಲ್ಲಿ ಉಳಿಯುವಂತಿಲ್ಲ, ಮುರುಡೇಶ್ವರದಲ್ಲೇ ಉಳಿಯಬೇಕು. ಮಳೆಗಾಲ ಬಿಟ್ಟು ಬೋಟ್ ಹೋಗುತ್ತದೆ. ನೀವು ಡೈವ್‌ಗೆ ಹೋದ ಹೊತ್ತಿಗೆ ಅತ್ತೆ ಈಶ್ವರನ ದರ್ಶನ ಮಾಡಿ ಬರುತ್ತಾರೆ.

ಅತ್ತೆಯ ಸಮುದ್ರಸ್ನಾನ. ಖಂಡಿತ ಸಾಧ್ಯ, ಆದರೆ ವಿಜಯನಗರದ ಕಲ್ಲಿನ ಮೇಲೆ ಬೇಡ, ಕಾಲು ಜಾರುತ್ತದೆ. ರಾಧಾನಗರದಲ್ಲಿ ಮಾಡಿಸಿ. ಆರನೇ ರಾತ್ರಿ ಅಲ್ಲೇ ಇರುತ್ತೀರಲ್ಲ, ಬೆಳಿಗ್ಗೆ ಜನ ಬರುವ ಮುಂಚೆ ಇಳಿಸಿಬಿಡೋಣ ಅನ್ನಿಸಬಹುದು. ಹಾಗೆ ಮಾಡಬೇಡಿ. ಜೀವರಕ್ಷಕರು ಬರುವ ತನಕ ಕಾಯಿರಿ, ಅವರು ಬಾವುಟ ನೆಟ್ಟ ಜಾಗದಲ್ಲೇ ಇಳಿಸಿ. ಅಂಡಮಾನ್‌ನ ಹಳ್ಳಗಳಲ್ಲಿ ಉಪ್ಪುನೀರಿನ ಮೊಸಳೆ ಇವೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲಿ ಒಬ್ಬ ಪ್ರವಾಸಿಯ ಜೀವ ಹೋಗಿದೆ. ಎಚ್ಚರಿಕೆಯ ಫಲಕ ಇರುವ ಕಡೆ, ಹಳ್ಳ ಸಮುದ್ರ ಸೇರುವ ಕಡೆ ಯಾರೂ ನೀರು ಮುಟ್ಟಬೇಡಿ. ಉಳಿದಂತೆ ಅಲ್ಲಿನ ನೆಲ ಮೆಲ್ಲಗೆ ಇಳಿಯುತ್ತದೆ, ಮೊಣಕಾಲಿಗೆ ಭಾರ ಬೀಳುವುದಿಲ್ಲ. ಸೊಂಟದ ತನಕ ನೀರಿಗೆ ಹೋದರೆ ಮೈ ಹಗುರಾಗಿ ನೋವೂ ಕಡಿಮೆ ಅನ್ನಿಸುತ್ತದೆ. ಒಂದು ಕಡೆ ನೀವು ಹಿಡಿಯಿರಿ, ಇನ್ನೊಂದು ಕಡೆ ನಿಮ್ಮ ಮನೆಯವರು. ಸೀರೆ ಅಲೆಗೆ ಸಿಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತದೆ, ಅದೊಂದು ದಿನಕ್ಕೆ ಚೂಡಿದಾರ ಹಾಕಿಕೊಳ್ಳಲು ಒಪ್ಪಿಸಿ. ನಮ್ಮ ಅವ್ವ ಒಪ್ಪಿದ್ದಳು. ಆ ಸಲವೇ ಕೊನೆಯ ದಿನ ಅವಳನ್ನು ಅಲ್ಲಿಗೆ ಕರೆದೊಯ್ದಿದ್ದೆ. ಮೂರು ಸಲ ಮುಳುಗಿ ಎದ್ದು, ಉಪ್ಪುನೀರು ಒರೆಸಿಕೊಂಡು, ಇನ್ನೊಮ್ಮೆ ಅಂದಳು.